ಹೀರಾಬಿ ಮಾಡಿದ ಮಡ್‌ಗಾರ್ಡು

ಹೀರಾಬಿಗೆ ಸಿಟ್ಟು ಬಂದರೆ ತಗಡು ತಾನಾಗಿಯೇ ಬಗ್ಗುತ್ತದೆ ಎಂದು ರಾಯಚೂರಿನ ತೀನ್ ಕಂದೀಲ್ ಸುತ್ತಿನ ಜನ ಹೇಳುತ್ತಿದ್ದರು. ಇದು ಶುದ್ಧ ಸುಳ್ಳು. ಆಕೆಯ ಅಂಗಡಿಗೂ ನನ್ನ ಮೋಟಾರು ಗ್ಯಾರೇಜಿಗೂ ನಡುವೆ ಇದ್ದದ್ದು ಒಂದೇ ಗೋಡೆ, ಹಾಗಾಗಿ ನನಗೆ ಗೊತ್ತು. ಸಿಟ್ಟು ಬಂದಾಗ ಆಕೆ ತಗಡನ್ನು ಮುಟ್ಟುತ್ತಲೇ ಇರಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಸಿಟ್ಟು ಬರಿಸಿದವನ ಮನೆತನವನ್ನೆಲ್ಲ ಒಮ್ಮೆ ಜಾಲಾಡಿ, ಬಾಯಿ ತೊಳೆದುಕೊಂಡು ಒಳಗೆ ಹೋಗುತ್ತಿದ್ದಳು. ಆಮೇಲೆ ಬೀಳುವ ಪೆಟ್ಟುಗಳು ಒಂದರಂತೆ ಇನ್ನೊಂದು ಇರುತ್ತಿದ್ದವು.

ಆಕೆ ಸಿರವಾರದವಳು. ಗಂಡ ಗುಲಾಮ್ ದಸ್ತಗೀರ್ ತಗಡಿನ ಕೆಲಸದಲ್ಲಿ ಪಳಗಿದ ಕೈ, ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮನೆಗೆ ಬೇಕಾದಷ್ಟು ಮಾತನ್ನು ಹೆಂಡತಿಯೇ ಆಡುತ್ತಿದ್ದುದರಿಂದ ಆತನಿಗೆ ಅದರ ಅವಶ್ಯಕತೆಯೂ ಬೀಳಲಿಲ್ಲ. ಆತ ಬಡಿಯುತ್ತಿದ್ದ, ಈಕೆ ಕುಲುಮೆಯ ತಿದಿ ಒತ್ತುತ್ತಿದ್ದಳು. ಆ ಮನೆತನದಲ್ಲಿ ಹೆಂಗಸಿನ ಪಾಲಿಗೆ ಬಂದದ್ದು ತಿದಿ ಮಾತ್ರ, ಸುತ್ತಿಗೆ ಗಂಡಸಿನದು. ಆದರೆ ದಸ್ತಗೀರನಿಗೆ ದಮ್ಮು ಹತ್ತಿ ಕೈ ಸೋತಾಗ ಈ ಕಾನೂನು ತಾನಾಗಿಯೇ ಸಡಿಲವಾಯಿತು. ಆತ ಅಂಗಡಿಯಲ್ಲೇ ಹೊರಸಿನ ಮೇಲೆ ಮಲಗಿ ಎಲ್ಲಿ ಬಡಿಯಬೇಕು, ಎಷ್ಟು ಬಡಿಯಬೇಕು ಎಂದು ಹೇಳುವನು, ಈಕೆ ಬಡಿಯುವಳು. ಮೊದಮೊದಲು ಆತ ಹೇಳಿದ ಮೇಲೆ ಬಡಿಯುತ್ತಿದ್ದಳು. ಕೊನೆಕೊನೆಗೆ ಆತ ಬಾಯಿ ತೆರೆಯುವ ಮೊದಲೇ ಪೆಟ್ಟು ಬಿದ್ದಿರುತ್ತಿತ್ತು. ಎಪ್ಪತ್ತಮೂರರಲ್ಲಿ ದಸ್ತಗೀರ್ ತೀರಿಕೊಂಡ. ಹೀರಾಬಿ ಅಂಗಡಿ ಮುಚ್ಚಲಿಲ್ಲ.

ಮುಚ್ಚಿದ್ದರೆ ಯಾವ ತಕರಾರೂ ಇರುತ್ತಿರಲಿಲ್ಲ. ತಕರಾರೆಲ್ಲ ತಗಡನ್ನು ಇಟ್ಟು ಬಡಿಯುವ ಅಡಿಗಲ್ಲಿನದು. ಹೆಸರಿಗೆ ಕಲ್ಲು, ಇದ್ದದ್ದು ಗಟ್ಟಿ ಉಕ್ಕು. ದಸ್ತಗೀರನ ಅಜ್ಜ ಅದನ್ನು ಹೈದರಾಬಾದಿನಿಂದ ಎತ್ತಿನ ಗಾಡಿಯಲ್ಲಿ ತಂದದ್ದಂತೆ. ಅಂಥದ್ದರ ಮೇಲೆ ಬಡಿದ ತಗಡಿನ ಮಾತೇ ಬೇರೆ. ಅಡಿಗಲ್ಲು ಯಾರ ಹತ್ತಿರ ಇದೆಯೋ ಕಸುಬಿನ ಹಿರೇತನ ಅವರದು ಎಂಬುದು ಆ ಮನೆಯ ರಿವಾಜು. ದಸ್ತಗೀರನ ತಮ್ಮ ವಲಿ ಪಾಷಾ ದೇವದುರ್ಗದಲ್ಲಿ ಬಕೆಟ್ಟು ಮಾಡಿ ಮಾರುತ್ತಿದ್ದ. ಅಡಿಗಲ್ಲಿಲ್ಲದೆ ರೈಲಿನ ಹಳಿಯ ತುಂಡೊಂದರ ಮೇಲೆ ಬಡಿದು ಬಡಿದು ಮೊಣಕೈ ನೋಯಿಸಿಕೊಂಡಿದ್ದ. ಅಣ್ಣ ಸತ್ತ ಮೇಲೆ ಅಡಿಗಲ್ಲು ತನಗೆ ಬರಬೇಕೆಂದು ಆತ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ನಾನು ಹೀರಾಬಿಯ ಕಡೆಯವನಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆದರೆ ಅಡಿಗಲ್ಲು ಹೋದರೆ ಹೀರಾಬಿಯ ಅಂಗಡಿಯಲ್ಲಿ ಉಳಿಯುವುದು ನಾಲ್ಕು ಗೋಡೆ ಮತ್ತು ಆಕೆಯ ಬಾಯಿ ಮಾತ್ರ.

ಈ ಜಗ್ಗಾಟದ ನಡುವೆ, ಎಪ್ಪತ್ತನಾಲ್ಕರ ದೀಪಾವಳಿಯ ಹೊತ್ತಿಗೆ, ಮಾನ್ವಿಯಿಂದ ರಾಮಲಿಂಗಪ್ಪನ ಜೀಪು ಬಂತು. ಬಂತು ಎನ್ನುವುದು ಮರ್ಯಾದೆಯ ಮಾತು. ಭತ್ತದ ಲಾರಿಯ ಹಿಂದೆ ಹಗ್ಗ ಕಟ್ಟಿ ಎಳೆದು ತಂದಿದ್ದರು. ಸ್ಟೇರಿಂಗ್ ಹಿಂದೆ ಖಾಕಿ ಟೋಪಿ ಹಾಕಿಕೊಂಡು ರಾಮಲಿಂಗಪ್ಪ ನೆಟ್ಟಗೆ ಕುಳಿತಿದ್ದ, ತಾನೇ ಲಾರಿಯನ್ನು ಮುಂದಕ್ಕೆ ದಬ್ಬಿಕೊಂಡು ಬಂದವನ ಹಾಗೆ.

ರಾಮಲಿಂಗಪ್ಪ ದೊಡ್ಡ ಯುದ್ಧದ ಕಾಲದಲ್ಲಿ ಬರ್ಮಾದ ಕಾಡಿನಲ್ಲಿ ಇಂಥದ್ದೇ ಜೀಪು ಓಡಿಸಿದ್ದವನು. ಪಲ್ಟನ್ನು ಬಿಟ್ಟು ಬಂದ ಮೇಲೆ ತುಂಗಭದ್ರಾ ಕಾಲುವೆಯ ಕಂತ್ರಾಟುದಾರನೊಬ್ಬನ ಬಳಿ ಡ್ರೈವರಾದ. ಮಿಲಿಟರಿಯವರು ಹರಾಜು ಹಾಕಿದ ಈ ಜೀಪು ಆ ಕಂತ್ರಾಟುದಾರನದು. ಕಾಲುವೆ ಮುಗಿದು ಆತ ಊರು ಬಿಡುವಾಗ, ಅಷ್ಟರಲ್ಲಿ ಪ್ರಾಣ ಬಿಟ್ಟಿದ್ದ ಜೀಪನ್ನು ರಾಮಲಿಂಗಪ್ಪನಿಗೇ ಕೊಟ್ಟು ಹೋದ. ಮಾನ್ವಿಯ ಬೇವಿನ ಮರದ ಕೆಳಗೆ ಅದರಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಬರುವ ಜನವರಿ ಇಪ್ಪತ್ತಾರರ ಪರೇಡಿನಲ್ಲಿ ಜಿಲ್ಲೆಯ ಮಾಜಿ ಸೈನಿಕರೂ ಕೊನೆಯ ಸಾಲಿನಲ್ಲಿ ನಡೆದು ಬರಬೇಕೆಂದು ತೀರ್ಮಾನವಾಗಿತ್ತು.

"ನಾ ನಡಿಯಂಗಿಲ್ಲ. ಡ್ರೈವರ್ ಇದ್ದೀನಿ, ಓಡಿಸಿಕೊಂಡು ಬರ್ತೀನಿ," ಎಂದು ರಾಮಲಿಂಗಪ್ಪ ಹೇಳಿಬಿಟ್ಟಿದ್ದ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಮಾನ್ವಿಯವರು ನಕ್ಕರಂತೆ. ನಾನು ನಗಲಿಲ್ಲ. ಇಂಜಿನ್ ಬಿಚ್ಚಿ ನೋಡಿದೆ, ಏಳಿಸಬಹುದೆನಿಸಿತು. ಮೈ ಮಾತ್ರ ಮುಗಿದ ಕಥೆ. ಕಾಲಿಡುವ ತಗಡು ತುಕ್ಕು ತಿಂದು ನೆಲ ಕಾಣುತ್ತಿತ್ತು, ಪೆಟ್ರೋಲ್ ಟಾಕಿ ಜರಡಿಯಾಗಿತ್ತು, ಎಡಗಡೆಯ ಮುಂದಿನ ಮಡ್‌ಗಾರ್ಡನ್ನು ಯಾರೋ ಎಮ್ಮೆಗೆ ನೀರು ಕುಡಿಸಲು ಒಯ್ದು ಹಾಳು ಮಾಡಿದ್ದರು. ಬಲಗಡೆಯದು ಅಮೇರಿಕಾದ ಕಾರ್ಖಾನೆಯಿಂದ ಬಂದ ಹಾಗೇ ಗಟ್ಟಿಯಾಗಿತ್ತು. ಇಂಥ ಸಾಮಾನು ಸಿಕಂದರಾಬಾದಿನ ಗುಜರಿಯಲ್ಲೂ ಸಿಗದು. ಮಾಡಿಸಬೇಕು. ಮಾಡುವವರು ಪಕ್ಕದ ಅಂಗಡಿಯಲ್ಲೇ ಇದ್ದರು.

ಹೀರಾಬಿ ಬಂದು ಜೀಪಿನ ಸುತ್ತ ತಿರುಗಿದಳು. ಬಗ್ಗಿ ನೋಡಿದಳು. "ಇದರಾಗ ಏನದ? ತಗಡು, ಬಾಗು, ಅಂಚು. ನನ್ನ ಜ್ವಾಳದ ಡ್ರಮ್ಮಿಗೆ ಗಾಲಿ ಹಚ್ಚಿದ್ರ ಇದ ಆಗತದ," ಎಂದಳು.

ಆ ವಾರವೇ ದಸ್ತಗೀರನ ವರ್ಷದ ಫಾತಿಹಾ, ಸತ್ತವನ ಹೆಸರಿನಲ್ಲಿ ಓದಿಸಿ ಊಟ ಹಾಕುವ ದಿನ. ಅತ್ತೆ ಅಮೀರ್ ಬೀ ಕಿರಿಮಗ ವಲಿ ಪಾಷಾನ ಜೊತೆ ದೇವದುರ್ಗದಿಂದ ಬಂದಳು. ಮುದುಕಿಗೆ ಕಣ್ಣಿಗೆ ಪೊರೆ ಬಂದು ಮನುಷ್ಯರು ನೆರಳಿನಂತೆ ಕಾಣುತ್ತಿದ್ದರು, ಆದರೆ ಆಕೆಯ ಮಾತನ್ನು ಮೀರುವವರು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಊಟವಾದ ಮೇಲೆ ನನ್ನನ್ನೂ ಕೂರಿಸಿಕೊಂಡು ಅಡಿಗಲ್ಲಿನ ಮಾತೆತ್ತಿದಳು. ತಮ್ಮತಮ್ಮಲ್ಲಿ ದಖನಿ ಆಡುವವರು ನಾನಿದ್ದೆನೆಂದು ಕನ್ನಡದಲ್ಲೇ ಜಗಳವಾಡಿದರು.

"ನಮ್ಮತ್ತಿ ತಿದಿ ಒತ್ತಿದಳು. ನಾ ತಿದಿ ಒತ್ತೀನಿ. ಸುತ್ತಿಗಿ ಹೆಂಗಸಿಂದಲ್ಲ. ಅಡಿಗಲ್ಲು ದೇವದುರ್ಗಕ್ಕ ಹೋಗಲಿ," ಎಂದಳು ಅಮೀರ್ ಬೀ.

"ನಿಮ್ಮ ಮಗ ಮಲಗಿದಾಗ ಈ ಮನಿ ನಡದಿದ್ದು ಯಾರ ಸುತ್ತಿಗಿಲಿಂದ?" ಎಂದಳು ಹೀರಾಬಿ.

"ಡಬ್ಬಿ ಬಡಿಯೋದು ಬ್ಯಾರೆ, ಕಸುಬು ಬ್ಯಾರೆ. ಡಬ್ಬಿ ಯಾರು ಬೇಕಾದ್ರೂ ಬಡಿತಾರ."

"ಹಂಗಾದ್ರ ಕಸುಬು ಅಂದ್ರ ಯಾವುದು ಹೇಳ್ರಿ. ಮಾಡಿ ತೋರಸ್ತೀನಿ."

ಹೊರಗೆ ರಾಮಲಿಂಗಪ್ಪ ಜೀಪಿನ ತುಕ್ಕನ್ನು ಕೆರೆಯುತ್ತಿದ್ದ ಸದ್ದು ಕೇಳುತ್ತಿತ್ತು. ಅದೇನೆಂದು ಮುದುಕಿ ಕೇಳಿದಳು. ಜೀಪಿನ ವಿಷಯವನ್ನೂ ಮಾಡಬೇಕಾದ ಮಡ್‌ಗಾರ್ಡಿನ ವಿಷಯವನ್ನೂ ನಾನು ಹೇಳಿದೆ.

"ಅದನ್ನ ಮಾಡು ನೋಡೋಣು. ಮೊಹರಂ ಮುಗಿಸಿ, ಪರೇಡಿನ ದಿನ ಬರ್ತೀನಿ. ಮಿಲಿಟ್ರಿಯವರದು ಹೆಂಗಿತ್ತೋ ಹಂಗ ಆಗಿತ್ತಂದ್ರ ಅಡಿಗಲ್ಲು ಇಲ್ಲೇ ಇರಲಿ. ಆಗಲಿಲ್ಲಂದ್ರ ನೀ ಬಾಯಿ ಮುಚ್ಚಿಕೊಂಡು ಗಾಡಿಗೆ ಏರಿಸಬೇಕು."

"ಆತು," ಎಂದಳು ಹೀರಾಬಿ. ಬಾಯಿ ಮುಚ್ಚಿಕೊಳ್ಳುವ ಶರತ್ತನ್ನು ಆಕೆ ಒಪ್ಪಿಕೊಂಡದ್ದು ನನಗೆ ಆಶ್ಚರ್ಯವೆನಿಸಿತು.

ಕೆಲಸ ಶುರುವಾಯಿತು. ಅಷ್ಟು ದಪ್ಪದ ತಗಡು ಎಲ್ಲಿಂದ ತರುವುದೆಂದು ನಾನು ಚಿಂತಿಸುತ್ತಿದ್ದರೆ ಆಕೆ ರಸ್ತೆ ಕೆಲಸದವರು ಬಿಸಾಕಿದ ಡಾಂಬರಿನ ಪೀಪಾಯಿಗಳನ್ನು ಉರುಳಿಸಿಕೊಂಡು ಬಂದಳು. ಡಾಂಬರು ಸುಟ್ಟು ತೆಗೆಯುವಾಗ ಇಡೀ ಓಣಿ ಕೆಮ್ಮಿತು. ಬಯ್ಯಲು ಬಂದವರು ಕಟ್ಟೆಯ ಮೇಲೆ ಎಲೆ ಅಡಿಕೆ ಚೀಲ ನೋಡಿ ಹಾಗೇ ಹಿಂದಿರುಗಿದರು. ಕಾಲಿಡುವ ತಗಡನ್ನು ಆಕೆ ಆಟವಾಡಿದಂತೆ ಮುಗಿಸಿದಳು. ಟಾಕಿಯನ್ನು ಬೆಸೆದು, ಒಳಗೆಲ್ಲ ತಾಮ್ರದ ಹಂಡೆಗೆ ಮಾಡುವ ಹಾಗೆ ಕಲಾಯಿ ಮಾಡಿದಳು.

"ಪೆಟ್ರೋಲ್ ಏನು, ಪಾಯಸ ತುಂಬಿಟ್ರೂ ಕೆಡಂಗಿಲ್ಲ," ಎಂದು ಅದರ ಬೆನ್ನು ತಟ್ಟಿದಳು.

ರಾಮಲಿಂಗಪ್ಪನಿಗೂ ಆಕೆಗೂ ಒಂದೇ ಒಂದು ಸಲ ಜಗಳ ಹತ್ತಿತು. ಬಕೆಟ್ಟಿನ ಅಂಚಿನೊಳಗೆ ತಂತಿ ಸೇರಿಸಿ ಮಡಚುವುದು ತಗಡಿನವರ ಹೆಮ್ಮೆ. ಮಡ್‌ಗಾರ್ಡಿಗೂ ಹಾಗೇ ಮಡಚುತ್ತೇನೆಂದು ಈಕೆ, ಕೂಡದೆಂದು ಆತ.

"ಯವ್ವಾ, ಮಿಲಿಟ್ರಿಯವರು ತಂತಿ ಹಾಕಿಲ್ಲ."

"ಅವರಿಗೆ ತಿಳಿದಿಲ್ಲ, ಹಾಕಿಲ್ಲ. ನನಗ ತಿಳದದ."

"ತಿಳದದ್ದು ನಿನ್ನ ಡ್ರಮ್ಮಿಗೆ ಹಾಕು. ಇದು ನನ್ನ ಜೀಪು. ನಾ ಬರ್ಮಾದಾಗ ಓಡಿಸಿದ್ದು ಹೆಂಗಿತ್ತೋ ಹಂಗ ಬೇಕು."

ಹೀರಾಬಿ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಬರ್ಮಾದ ಯುದ್ಧವನ್ನೆಲ್ಲ ಬಯ್ದಳು. ಆಮೇಲೆ ತಂತಿ ಹಾಕದೆಯೇ ಮಾಡಿದಳು.

ಎಡವಟ್ಟಾದದ್ದು ಅಚ್ಚಿನಲ್ಲಿ. ಒಂದು ಸಾಮಾನನ್ನು ನೋಡಿ ಅಂಥದ್ದೇ ಇನ್ನೊಂದು ಮಾಡಬೇಕಾದಾಗ ಆಕೆ ಅಳತೆ ಪಟ್ಟಿ ಮುಟ್ಟುತ್ತಿರಲಿಲ್ಲ. ಹಳೇ ಸೀರೆಯ ತುಂಡುಗಳನ್ನು ಜೋಳದ ಗಂಜಿಯಲ್ಲಿ ಅದ್ದಿ ಸಾಮಾನಿನ ಮೈಗೆ ಪದರ ಪದರವಾಗಿ ಅಂಟಿಸುವಳು. ಅರ್ಧ ಒಣಗಿದ ಮೇಲೆ ಬಿಡಿಸಿ ಬಿಸಿಲಿಗೆ ಹರವುವಳು. ಪೂರ್ತಿ ಒಣಗಿದರೆ ಅದು ಕಟಕ ರೊಟ್ಟಿಯ ಹಾಗೆ ಗಟ್ಟಿ, ಆಕಾರ ಮಾತ್ರ ಸಾಮಾನಿನದು. ಅದಕ್ಕೆ ಹೊಂದಿಸಿ ನೋಡುತ್ತ ತಗಡು ಬಗ್ಗಿಸುವುದು. ಬಲಗಡೆಯ ಮಡ್‌ಗಾರ್ಡಿಗೆ ಹೀಗೆ ಅಚ್ಚು ತೆಗೆದು, ಬಾಗಿನಲ್ಲಿ ಕತ್ತರಿಸಿ ತುಂಡುಗಳನ್ನು ಮಗುಚಿಟ್ಟರೆ ಎಡಗಡೆಯದರ ಅಚ್ಚು ಸಿದ್ಧ. ನನ್ನ ಹೆಂಡತಿ ಹಂಪಮ್ಮನ ಒಂದು ಇಳಕಲ್ ಸೀರೆ ಇದಕ್ಕೇ ಹೋಯಿತು. ಹಳೆಯದೆಂದು ಹೀರಾಬಿ ಹೇಳುತ್ತಾಳೆ, ಹಂಪಮ್ಮ ಇವತ್ತಿಗೂ ಒಪ್ಪುವುದಿಲ್ಲ.

ಆ ವರ್ಷ ಮೊಹರಂ ಜನವರಿಯಲ್ಲೇ ಬಿದ್ದಿತ್ತು. ಚಂದ್ರ ಕಾಣುವ ದಿನ ಮಧ್ಯಾಹ್ನ ಮಡ್‌ಗಾರ್ಡು ತಯಾರಾಯಿತು. ನೋಡಲು ಲಕ್ಷಣವಾಗಿತ್ತು. ನಾನೂ ರಾಮಲಿಂಗಪ್ಪನೂ ಎತ್ತಿ ಜೀಪಿಗೆ ಹಿಡಿದೆವು. ಹಿಂದಿನ ಬೋಲ್ಟುಗಳು ಕುಳಿತವು. ಮುಂದಿನವು ಕೂರಲಿಲ್ಲ. ಎರಡು ಬೆರಳಷ್ಟು ಗಿಡ್ಡ.

ಹೀರಾಬಿ ಅಚ್ಚಿನ ತುಂಡು ತಂದು ಬಲಗಡೆಯದರ ಮೇಲೆ ಇಟ್ಟಳು. ಅಚ್ಚೂ ಎರಡು ಬೆರಳು ಗಿಡ್ಡ. ಗಂಜಿ ಹಾಕಿದ ಬಟ್ಟೆ ರಾಯಚೂರಿನ ಬಿಸಿಲಿಗೆ ಸೆಳೆದುಕೊಂಡಿತ್ತು. ಕೊಡ, ಬೋಗುಣಿಯ ಅಚ್ಚು ಜೋಳದ ಕಾಳಿನಷ್ಟು ಕುಗ್ಗಿದರೆ ಯಾರಿಗೆ ಗೊತ್ತಾಗುತ್ತದೆ? ಇಷ್ಟುದ್ದದ ಸಾಮಾನು ಆ ಮನೆಯಲ್ಲಿ ಯಾರೂ ಮಾಡಿದವರಲ್ಲ.

"ನನ್ನ ತಪ್ಪೇನಿಲ್ಲ. ಬಿಸಲಿಂದು ತಪ್ಪು," ಎಂದಳು ಹೀರಾಬಿ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾಲಗೆಯ ತುದಿಗೆ ಬಂದಿತ್ತು. ಆಕೆಯ ಮುಖ ನೋಡಿ ನುಂಗಿಕೊಂಡೆ. ಏಕೆಂದರೆ ಆ ಮನೆಯಲ್ಲಿ ಮೊಹರಮ್ಮಿನ ಚಂದ್ರ ಕಂಡಿತೆಂದರೆ ಕುಲುಮೆ ಆರಿಸಿ, ಸುತ್ತಿಗೆ ತೊಳೆದು, ಹಸಿರು ಬಟ್ಟೆಯಲ್ಲಿ ಸುತ್ತಿ ಅಡಿಗಲ್ಲಿನ ಮೇಲೆ ಇಡುತ್ತಾರೆ. ಹತ್ತನೆಯ ದಿನ ಪೀರಲ ದೇವರ ಕೈಯಾಕಾರದ ಪಂಜಾಗಳು ನೀರಿಗೆ ಹೋಗಿ ಬರುವವರೆಗೆ ಅದನ್ನು ಬಿಚ್ಚುವ ಹಾಗಿಲ್ಲ. ಅದಾದ ಮೇಲೆ ಪರೇಡಿಗೆ ಉಳಿಯುವುದು ಎರಡು ಮೂರು ದಿನ.

ನನಗೆ ತಡೆಯಲಾಗಲಿಲ್ಲ. "ನನ್ನ ಗ್ಯಾರೇಜಿನಾಗ ಸುತ್ತಿಗಿ ಅದ. ನಾ ಬಾಗಲಾ ಹಾಕಿಕೋತೀನಿ. ಯಾರಿಗೆ ಗೊತ್ತಾಗತದ?" ಎಂದೆ.

"ಅಯ್ಯಪ್ಪಣ್ಣ, ಆ ಅಡಿಗಲ್ಲು ಬೇಕಂದ್ರ ಅದರ ರಿವಾಜೂ ಬೇಕು. ಒಂದು ಹಿಡದು ಒಂದು ಬಿಡಾಕ ನಾ ಏನು ಎಲೆಕ್ಷನ್ನಿಗೆ ನಿಂತೀನೇನು?"

ರಾಮಲಿಂಗಪ್ಪನೂ ಆಕೆಯ ಮಾತಿಗೇ ತಲೆಯಾಡಿಸಿದ. ಆತನೇ ಪ್ರತಿ ಮೊಹರಮ್ಮಿಗೆ ಕೊರಳಿಗೆ ಲಾಡಿಯ ದಾರ ಹಾಕಿಕೊಂಡು ಫಕೀರನಾಗುವವನು, ಮಾನ್ವಿಯಲ್ಲಿ ಬೆಂಕಿಗುಂಡಿಯ ಸುತ್ತಿನ ಅಲಾಯಿ ಕುಣಿತಕ್ಕೆ ಮುಂದಾಳು. ಸಂಜೆಯ ಬಸ್ಸಿಗೆ ಊರಿಗೆ ಹೋದ. ಚಂದ್ರ ಕಂಡಿತು. ಹೀರಾಬಿ ಸುತ್ತಿಗೆ ತೊಳೆದಳು.

ಸುತ್ತಿಗೆ ಎತ್ತಬಾರದು ಎಂದರೆ ಕೈ ಕಟ್ಟಿ ಕೂರಬೇಕೆಂದೇನೂ ಅಲ್ಲ. ಮರುದಿನವೇ ಆಕೆ ಹೊಸದಾಗಿ ಗಂಜಿ ಕಾಯಿಸಿದಳು. ಈ ಸಲ ಅಂಟಿಸಿದ ಬಟ್ಟೆಯನ್ನು ಬಿಡಿಸಲಿಲ್ಲ. ಬಲಗಡೆಯ ಮಡ್‌ಗಾರ್ಡಿನ ಮೇಲೆಯೇ ಸುತ್ತ ಹುರಿಹಗ್ಗ ಬಿಗಿದು, ಜೀಪನ್ನು ನನ್ನ ಗ್ಯಾರೇಜಿನ ನೆರಳಿಗೆ ದಬ್ಬಿಸಿ, ಒದ್ದೆ ಗೋಣಿ ತಟ್ಟು ಹೊದಿಸಿ ನಿಧಾನಕ್ಕೆ ಆರಲು ಬಿಟ್ಟಳು. ದಿನಾ ಬೆಳಿಗ್ಗೆ ಬಂದು ಗೋಣಿಗೆ ನೀರು ಚಿಮುಕಿಸುವಳು, ದಿನಕ್ಕಿಷ್ಟು ಕಡಿಮೆ ಮಾಡುತ್ತ. ನನಗೆ ಒಂದು ಗಾಡಿ ನಿಲ್ಲಿಸಲೂ ಜಾಗವಿರಲಿಲ್ಲ. ಕೇಳಿದರೆ, "ಬಾಣಂತಿ ಮಲಗ್ಯಾಳ, ಸದ್ದು ಮಾಡಬ್ಯಾಡ," ಎನ್ನುವಳು. ಅಚ್ಚು ಹಗ್ಗದ ಬಿಗಿಯಲ್ಲೇ ಒಣಗಿತು. ಬಿಡಿಸಿ ಮತ್ತೆ ಇಟ್ಟು ನೋಡಿದರೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಪಂಜಾಗಳು ನೀರಿಗೆ ಹೋಗಿ ಬಂದವು. ಮಾರನೆಯ ಬೆಳಿಗ್ಗೆ ರಾಮಲಿಂಗಪ್ಪ ಮೈಮೇಲಿನ ಬೂದಿಯನ್ನು ಸರಿಯಾಗಿ ತೊಳೆದುಕೊಳ್ಳದೆಯೇ ಮಾನ್ವಿಯಿಂದ ಓಡಿ ಬಂದ. ಆತ ತಗಡು ಹಿಡಿದ, ನಾನು ತಿದಿ ಒತ್ತಿದೆ. ಮೋಟಾರು ಮೇಸ್ತ್ರಿ ತಿದಿ ಒತ್ತುವುದನ್ನು ನೋಡಲು ತೀನ್ ಕಂದೀಲಿನ ಅರ್ಧ ಜನ ಬಂದಿದ್ದರು. ಹೀರಾಬಿ ಯಾರ ಕಡೆಗೂ ನೋಡಲಿಲ್ಲ. ಅಷ್ಟು ಕಡಿಮೆ ಮಾತಾಡಿದ್ದನ್ನು ನಾನು ಆಕೆಯ ಗಂಡ ಸತ್ತ ದಿನವೂ ಕಂಡಿರಲಿಲ್ಲ. ಮಡ್‌ಗಾರ್ಡು ಈ ಸಲ ತನ್ನ ಮನೆಗೆ ತಾನೇ ಬಂದಂತೆ ಕುಳಿತುಕೊಂಡಿತು, ಬೋಲ್ಟುಗಳನ್ನು ಬೆರಳಿನಿಂದಲೇ ತಿರುಗಿಸಿದೆ. ಬಣ್ಣ ಬಳಿಯುವಷ್ಟು ಹೊತ್ತು ಮಾತ್ರ ಉಳಿದಿತ್ತು. ಬಳಿದೆವು.

ಪರೇಡಿನಲ್ಲಿ ನಾನೂ ಜೀಪಿನಲ್ಲಿ ಕುಳಿತಿದ್ದೆ, ಇಂಜಿನ್ ಕೈ ಕೊಟ್ಟರೆ ಇರಲಿ ಎಂದು. ನಡೆದು ಬಂದ ಸೈನಿಕರ ಹಿಂದೆ ರಾಮಲಿಂಗಪ್ಪ ಎದೆ ಉಬ್ಬಿಸಿ, ಕತ್ತು ತಿರುಗಿಸಿ ಸಲಾಮು ಹೊಡೆದು ದಾಟಿದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ನನಗೂ ಬಂತು. ಹೀರಾಬಿ ಮೈದಾನಕ್ಕೆ ಬಂದಿರಲಿಲ್ಲ.

ಅಂಗಡಿಗೆ ಮರಳಿದರೆ ಎದುರಿಗೆ ಎತ್ತಿನ ಗಾಡಿ ನಿಂತಿತ್ತು, ಅಡಿಗಲ್ಲು ಇಡಲು ಒಳಗೆ ಹುಲ್ಲು ಹಾಸಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದ ವಲಿ ಪಾಷಾ. ಆತ ಇಳಿದು ಬಂದು ಜೀಪನ್ನು ಸುತ್ತು ಹಾಕಿದ, ಮಡ್‌ಗಾರ್ಡುಗಳ ಕೆಳಗೆ ತಲೆ ತೂರಿಸಿ ನೋಡಿದ. ಅಮೀರ್ ಬೀ ಕಟ್ಟೆಯ ಮೇಲೆ ಕುಳಿತಿದ್ದಳು. ಹೀರಾಬಿ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು. ಆಕೆ ಹೆದರಿದ್ದಳು. ಹೀರಾಬಿ ಹೆದರಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ನಡೀರಿ, ಕೈ ಹಿಡೀರಿ," ಎಂದು ಮುದುಕಿ ಎದ್ದಳು. ನಾನು ಜೀಪಿನ ಬಳಿ ಕರೆದುಕೊಂಡು ಹೋದೆ. "ಯಾವ ಬಾಜುದು ಈಕಿದು ಅಂತ ಯಾರೂ ಹೇಳಬ್ಯಾಡ್ರಿ," ಎಂದಳು.

ಎಡಗಡೆ ಬಂದು ಅಂಗೈಯನ್ನು ಮಡ್‌ಗಾರ್ಡಿನ ಮೇಲೆ ಹರಿಸಿದಳು. ಬಾಗಿನಲ್ಲಿ ಬೆರಳುಗಳು ನಿಧಾನವಾದವು. ಅಂಚನ್ನು ಎರಡು ಬೆರಳ ನಡುವೆ ಹಿಡಿದು ಕೊನೆಯವರೆಗೂ ಎಳೆದಳು. ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟಳು. ಆಮೇಲೆ ಬಲಗಡೆಗೆ ಹೋಗಿ ಹಾಗೇ ಮಾಡಿದಳು. ಬಲಗಡೆ ಹೆಚ್ಚು ಹೊತ್ತು ನಿಂತಳು. ಕೊನೆಗೆ ಸೊಸೆ ಇದ್ದ ದಿಕ್ಕಿಗೆ ಮುಖ ತಿರುಗಿಸಿ, ಅಮೇರಿಕಾದ ಕಾರ್ಖಾನೆಯಲ್ಲಿ ತಯಾರಾದ ಆ ಬಲಗಡೆಯ ಮಡ್‌ಗಾರ್ಡಿನ ಮೇಲೆ ಕೈ ಇಟ್ಟಳು.

"ಇದು ನಿಂದು, ಹೀರಾ. ಇಲ್ಲಿ ಅಂಚು ಸ್ವಲ್ಪ ಅಲೆ ಅಲೆ ಅದ, ಕೈ ನಡುಗ್ಯಾದ. ಛೊಲೋ ಮಾಡೀದಿ, ಇಲ್ಲ ಅನ್ನಂಗಿಲ್ಲ. ಆದ್ರ ಆ ಕಡೀದು ಕಂಪನಿದು, ಅದರ ಕೈನ ಬ್ಯಾರೆ."

ನಾನು ರಾಮಲಿಂಗಪ್ಪನ ಮುಖ ನೋಡಿದೆ, ಆತ ನನ್ನ ಮುಖ ನೋಡಿದ. ಮಾತಾಡಿದವನು ವಲಿ ಪಾಷಾ.

"ಅಮ್ಮಾ, ನೀ ತಿರುವಿ ಹೇಳಿದಿ. ನೀ ಕಂಪನಿದು ಅಂದದ್ದು ಭಾಬಿದು. ಕೆಳಗ ಡಾಂಬರಿನ ಕಲೆ ಅದ, ನಾ ನೋಡೀನಿ."

ಆತ ಸುಮ್ಮನಿದ್ದಿದ್ದರೆ ಆ ಹೊತ್ತಿನ ಮಟ್ಟಿಗಾದರೂ ಅಡಿಗಲ್ಲು ಆತನದಾಗುತ್ತಿತ್ತು. ಸುಮ್ಮನಿರಲಿಲ್ಲ. ವಲಿ ಪಾಷಾನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಇದನ್ನೇ ಹೇಳುತ್ತೇನೆ.

ಅಮೀರ್ ಬೀ ಮತ್ತೆ ಎಡಗಡೆಗೆ ಬಂದು ಮಡ್‌ಗಾರ್ಡಿನ ಮೇಲೆ ಕೈ ಇಟ್ಟುಕೊಂಡು ನಿಂತಳು. ಆಮೇಲೆ ನನ್ನ ಭುಜ ಹಿಡಿದು ಅಂಗಡಿಯೊಳಗೆ ನಡೆದು, ಅಡಿಗಲ್ಲಿನ ಮುಂದೆ, ಮಗ ಕೂರುತ್ತಿದ್ದ ಜಾಗದಲ್ಲಿ ಕುಳಿತಳು.

"ಸುತ್ತಿಗಿ ಕೊಡು," ಎಂದಳು.

ವಲಿ ಪಾಷಾನಿಗೆ ಕೊಡಿಸಲಿಕ್ಕೆಂದೇ ನಾವೆಲ್ಲ ತಿಳಿದೆವು. ಹೀರಾಬಿಯೂ ಹಾಗೇ ತಿಳಿದಿರಬೇಕು, ಕೊಡುವಾಗ ಆಕೆಯ ಮುಖ ಬಿಳುಚಿತ್ತು. ಮುದುಕಿ ಸುತ್ತಿಗೆಯ ಹಿಡಿಯನ್ನು ಸವರಿದಳು.

"ಸಣ್ಣಾಕಿ ಇದ್ದಾಗ ಈ ಮನಿಗೆ ಬಂದೆ. ತಿದಿ ಒತ್ತಿ ಒತ್ತಿ ನನ್ನ ರಟ್ಟಿ ಹೋದ್ವು. ಈ ಸುತ್ತಿಗಿ ಒಂದ ಸಲನೂ ನನ್ನ ಕೈಗೆ ಯಾರೂ ಕೊಡಲಿಲ್ಲ. ನಾನೂ ಕೇಳಲಿಲ್ಲ," ಎಂದಳು. ಎತ್ತಿ ಬಡಿದಳು. ಪೆಟ್ಟು ಅಡಿಗಲ್ಲಿನ ಅಂಚಿಗೆ ಬಿದ್ದು ಜಾರಿತು. ಅಕ್ಕಪಕ್ಕದಲ್ಲಿ ಯಾರೂ ನಗಲಿಲ್ಲ.

"ಹೆಂಗ ಹಿಡಿಬೇಕು ತೋರಸು, ಹೀರಾ."

ಹೀರಾಬಿ ಆಕೆಯ ಹಿಂದೆ ಮೊಣಕಾಲೂರಿ ಕುಳಿತು, ಆ ಒಣಗಿದ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಮೇಲೆ ಸರಿಪಡಿಸಿದಳು. ಎರಡನೆಯ ಪೆಟ್ಟು ಸರಿಯಾಗಿ ಬಿತ್ತು. ಮೂರನೆಯದೂ ಬಿತ್ತು. ನಾನು ಹೊರಗೆ ಬಂದೆ.

ಮಧ್ಯಾಹ್ನ ವಲಿ ಪಾಷಾ ಹಾಸಿದ್ದ ಹುಲ್ಲನ್ನು ಗಾಡಿಯವನಿಗೇ ಕೊಟ್ಟು, ಗಾಡಿಯನ್ನು ಖಾಲಿ ಕಳಿಸಿ ದೇವದುರ್ಗದ ಬಸ್ಸು ಹತ್ತಿದ. ಅಮೀರ್ ಬೀ ಹೋಗಲಿಲ್ಲ.